ನನ್ನ ಬಗ್ಗೆ ಟೀಚರ್ ಬರೆದದ್ದು

ನಮ್ಮ ಮನೆಯಲ್ಲಿ ಯಾವ ಮಾತನ್ನೂ ಮೊದಲ ಸಲ ಕೇಳಿದಾಗಲೇ ನಂಬುವ ಪದ್ಧತಿ ಇಲ್ಲ. ಅಪ್ಪ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದಾರೆ. ಲಾರಿಗೆ ಹೋಗುವ ಬಿಡಿಭಾಗಗಳನ್ನು ಅಳತೆ ಹಿಡಿದು ನೋಡುವುದು, ಸರಿಯಿದ್ದರೆ ಮುಂದೆ ಬಿಡುವುದು, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುವುದು ಅವರ ಕೆಲಸ. ಶಿಫ್ಟು ಮುಗಿಸಿ ಮನೆಗೆ ಬಂದ ಮೇಲೂ ಆ ಕಣ್ಣು ಸುಮ್ಮನಿರುವುದಿಲ್ಲ. ಅಂಗಡಿಯವನು ತೂಗಿ ಕೊಟ್ಟ ಬೀನ್ಸನ್ನು ಮನೆಯಲ್ಲಿ ಇನ್ನೊಮ್ಮೆ ತೂಗುತ್ತಾರೆ. ಬಸ್ಸಿನ ಬೋರ್ಡು ಓದಿ, ಕಂಡಕ್ಟರನ್ನೂ ಕೇಳಿ, ಕಂಡಕ್ಟರ್ ಹೇಳಿದ ಮೇಲೆ ಪಕ್ಕದ ಸೀಟಿನವರನ್ನೂ ಕೇಳುತ್ತಾರೆ. ನಾನು ಅವರ ಒಬ್ಬಳೇ ಮಗಳು. ಅಮ್ಮ ಹೇಳುವ ಪ್ರಕಾರ ನಾನು ಅವರಿಗಿಂತ ಒಂದು ಕೈ ಮೇಲು.

ನಾನು ಪ್ಲಸ್ ಟು ಓದುತ್ತಿದ್ದಾಗ, ಉತ್ತರದ ಕಡೆಯ ಒಂದು ದೊಡ್ಡ ಕಾಲೇಜಿಗೆ ಅರ್ಜಿ ಹಾಕಿದ್ದೆ. ದೇಶದ ಮೂಲೆಮೂಲೆಯಿಂದ ಹುಡುಗರು ಅರ್ಜಿ ಹಾಕುತ್ತಾರೆ, ತೆಗೆದುಕೊಳ್ಳುವುದು ಬೆರಳೆಣಿಕೆಯಷ್ಟು ಜನರನ್ನು. ಅಲ್ಲಿಗೆ ಬರೀ ಮಾರ್ಕು ಸಾಲದು. ನಮ್ಮ ಬಗ್ಗೆ ನಾವೇ ಒಂದು ಪ್ರಬಂಧ ಬರೆಯಬೇಕು, ನಮ್ಮನ್ನು ಚೆನ್ನಾಗಿ ಬಲ್ಲ ಶಿಕ್ಷಕರೊಬ್ಬರು ಪತ್ರ ಬರೆಯಬೇಕು. ನವೆಂಬರಿನಲ್ಲೇ ಅರ್ಜಿ ಹಾಕಿದವರಿಗೆ ಬೇಗ ಉತ್ತರ ಬರುತ್ತದೆ ಎಂದಿದ್ದರು. ಅದಂತೂ ನಿಜವಾಯಿತು. ಡಿಸೆಂಬರಿನ ಒಂದು ಸಂಜೆ ಈಮೇಲ್ ಬಂತು. ನಮ್ಮ ಆಸಕ್ತಿಗೆ ಧನ್ಯವಾದ, ಸೀಟು ಕೊಡಲು ಆಗುತ್ತಿಲ್ಲ, ಕಾರಣ ತಿಳಿಸುವ ಪದ್ಧತಿ ತಮ್ಮಲ್ಲಿಲ್ಲ ಎಂದಿತ್ತು.

ನಾನು ಗೋಡೆಯ ಕಡೆ ತಿರುಗಿ ಮಲಗಿ ಅತ್ತೆ. ಅಪ್ಪ ಫೋನನ್ನು ತೆಗೆದುಕೊಂಡು ಆ ಈಮೇಲನ್ನು ನಾಲ್ಕು ಸಲ ಓದಿದರು.

"ಕಾರಣಾನೇ ಬರ್ದಿಲ್ವಲ್ಲಮ್ಮಾ," ಎಂದರು. "ನಮ್ ಕಡೆ ಒಂದು ಬೋಲ್ಟು ರಿಜೆಕ್ಟ್ ಮಾಡುದ್ರೂ ಚೀಟೀಲಿ ಕಾರಣ ಬರೀಬೇಕು. ಬರೀದಿದ್ರೆ ನನ್ನೇ ಹಿಡ್ಕತಾರೆ. ಇವ್ರು ಒಬ್ಬ ಮನುಷ್ಯರನ್ನ ರಿಜೆಕ್ಟ್ ಮಾಡಿ ಕಾರಣ ಹೇಳಲ್ಲ ಅಂದ್ರೆ ಏನರ್ಥ?"

"ಏನೋ ಮುಚ್ಚಿಡ್ತಾವ್ರೆ ಅಂತ ಅರ್ಥ," ಎಂದೆ ನಾನು ಗೋಡೆಗೆ.

ಅಪ್ಪನಿಗೆ ಆ ಉತ್ತರ ಹಿಡಿಸಿತು. ಒಂದು ಹಾಳೆ ತಂದು ನನ್ನ ಪಕ್ಕ ಕುಳಿತು, ಅರ್ಜಿಯಲ್ಲಿ ಏನೇನು ಕಳಿಸಿದ್ದೆವು ಎಂದು ಕೇಳಿ ಬರೆದುಕೊಂಡರು. ಹತ್ತನೇ ಕ್ಲಾಸಿನ ಮಾರ್ಕು ನೋಡಿದರು, ಸರಿಯಿದೆ. ಪ್ರಬಂಧವನ್ನು ನನ್ನಿಂದ ಓದಿಸಿ ಅರ್ಥ ಹೇಳಿಸಿದರು, ಅದೂ ಸರಿಯಿದೆ. ಫೋಟೋದಲ್ಲಿ ಕಿವಿ ಎರಡೂ ಕಾಣುತ್ತಿವೆ ಎಂಬುದನ್ನೂ ಬಿಡದೆ ನೋಡಿದರು. "ಮಗು ಅತ್ಕಂಡು ಮಲ್ಗೈತೆ, ನೀವು ಇಲ್ಲೂ ಇನ್‌ಸ್ಪೆಕ್ಷನ್ ಮಾಡ್ತಾ ಕೂತಿದ್ದೀರಲ್ಲಾ," ಎಂದು ಅಮ್ಮ ಅಡುಗೆಮನೆಯಿಂದ ಬಯ್ದಳು. ಕೊನೆಗೆ ಹಾಳೆಯಲ್ಲಿ ಉಳಿದದ್ದು ಒಂದೇ. ನಾವಿಬ್ಬರೂ ಕಣ್ಣಿನಿಂದ ನೋಡದೆ ಕಳಿಸಿದ್ದು ಅದೊಂದೇ, ಟೀಚರ್ ಬರೆದ ಪತ್ರ.

ಈ ಟೀಚರ್ ನನಗೆ ಆರರಿಂದ ಹತ್ತರವರೆಗೆ ಕನ್ನಡ ಮಾಧ್ಯಮದ ಶಾಲೆಯಲ್ಲಿ ಲೆಕ್ಕ ಕಲಿಸಿದವರು. ರಾಯಕೋಟೆಯಿಂದ ದಿನಾ ಬಸ್ಸಿನಲ್ಲಿ ಹೊಸೂರಿಗೆ ಬಂದು ಹೋಗುತ್ತಾರೆ. ಪ್ಲಸ್ ಒನ್‌ಗೆ ನಾನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮೇಲೂ ಲೆಕ್ಕ ಕಷ್ಟವಾದಾಗ ಓಡಿಹೋಗುತ್ತಿದ್ದುದು ಅವರ ಹತ್ತಿರವೇ. ಚೆನ್ನಾಗಿ ಬಲ್ಲ ಶಿಕ್ಷಕರು ಯಾರು ಎಂದು ಫಾರಂ ಕೇಳಿದಾಗ ಇನ್ನೊಬ್ಬರ ಹೆಸರು ನನಗೆ ತೋಚಲೂ ಇಲ್ಲ. ನಮ್ಮ ಕಡೆ ಇಂಥ ಪತ್ರಗಳನ್ನು ಬೇಕಾದವರೇ ಬರೆದುಕೊಂಡು ಹೋಗುತ್ತಾರೆ, ಮೇಷ್ಟ್ರುಗಳು ಕೆಳಗೆ ಸೈನ್ ಹಾಕುತ್ತಾರೆ. ಹಾಗೆಂದು ನಾನೂ ಬರೆದುಕೊಂಡು ಹೋಗಿದ್ದೆ. ಟೀಚರ್ ನನ್ನ ಹಾಳೆಯನ್ನು ಮುಟ್ಟಲಿಲ್ಲ. "ನಾನ್ ಬರೀಬೇಕಾದ್ದು ನಾನೇ ಬರೀತೀನಿ ಕಣಮ್ಮಾ. ನೀನ್ ನೋಡಂಗಿಲ್ಲ ಅಂತ ಅವ್ರೇ ಹೇಳವ್ರೆ," ಎಂದರು. ಫಾರಂನಲ್ಲಿ, ಈ ಪತ್ರವನ್ನು ನೋಡುವ ಹಕ್ಕು ಬಿಟ್ಟುಕೊಟ್ಟಿದ್ದೇನೆ ಎಂಬ ಕಡೆ ನಾನೇ ಟಿಕ್ ಹಾಕಿದ್ದೆ. ಅವತ್ತು ಅದು ಏನೂ ಅನ್ನಿಸಿರಲಿಲ್ಲ.

ಈಗ ಅನ್ನಿಸತೊಡಗಿತು. ಟೀಚರ್ ಲೆಕ್ಕದಲ್ಲಿ ಎಷ್ಟು ಗಟ್ಟಿಯೋ ಇಂಗ್ಲಿಷಿನಲ್ಲಿ ಅಷ್ಟೇ ಅಷ್ಟಕ್ಕಷ್ಟೆ. ಏನು ಬರೆದಿರಬಹುದು? ಹೇಗೆ ಬರೆದಿರಬಹುದು? ಅದನ್ನು ಓದಿ ಅಲ್ಲಿ ಕುಳಿತವರು ನಕ್ಕಿರಬಹುದೇ? ಅಥವಾ ಬರೆಯುವುದನ್ನೇ ಮರೆತು ಕಡೆಯ ದಿನ ಏನೋ ಒಂದು ಗೀಚಿರಬಹುದೇ? ನಾನು ಬೇರೆ ಶಾಲೆಗೆ ಹೋದದ್ದಕ್ಕೆ ಮನಸ್ಸಿನಲ್ಲಿ ಏನಾದರೂ ಇರಬಹುದೇ? ತಲೆಗೆ ಹುಳ ಬಿಟ್ಟುಕೊಂಡ ಮೇಲೆ ಅದಕ್ಕೆ ತಿನ್ನಲು ಏನಾದರೂ ಸಿಗುತ್ತಲೇ ಇರುತ್ತದೆ. ಒಂದು ವಾರದಲ್ಲಿ, ಟೀಚರ್ ಎರಡು ವರ್ಷದ ಹಿಂದೆ ನನ್ನನ್ನು ನೋಡಿಯೂ ನೋಡದ ಹಾಗೆ ಬಸ್ಸು ಹತ್ತಿದ್ದು ಕೂಡ ನನಗೆ ನೆನಪಾಯಿತು.

ಅರೆವಾರ್ಷಿಕ ರಜೆ ಮುಗಿದು ಶಾಲೆ ತೆರೆದ ದಿನ ಸಂಜೆ ಹೋಗಿ ನಿಂತೆ. ಸೀಟು ಸಿಗದ ಸುದ್ದಿ ಕೇಳಿ ಟೀಚರ್ ಮುಖ ಸಣ್ಣದಾಯಿತು. ನಾನು ಸಮಾಧಾನ ಹೇಳಿಸಿಕೊಳ್ಳಲು ಹೋಗಿರಲಿಲ್ಲ. "ಟೀಚರ್, ನೀವು ಕಳ್ಸಿದ ಲೆಟರ್ ಒಂದ್ಸಲ ತೋರಿಸ್ತೀರಾ? ಫೋನಲ್ಲಿ ಇರುತ್ತಲ್ಲ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಯಾಕೆ?"

"ಸರಿಯಾಗಿ ಹೋಗೈತಾ ಅಂತ."

"ಸರಿಯಾಗೇ ಹೋಗೈತೆ. ತೋರ್ಸಂಗಿಲ್ಲ ಅಂದ್ಮೇಲೆ ತೋರ್ಸಲ್ಲ," ಎಂದು ಫೋನನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದುಕೊಂಡರು.

ಆ ಜಿಪ್ ಎಳೆದದ್ದನ್ನು ಅಪ್ಪನಿಗೆ ಹೇಳಿದೆ. "ಸರಿಯಾಗಿರೋ ಪಾರ್ಟನ್ನ ಯಾರೂ ಮುಚ್ಚಿಡಲ್ಲ," ಎಂದರು ಅಪ್ಪ. ನಮ್ಮ ಮನೆಯಲ್ಲಿ ಆ ಸಂಜೆಗೇ ತೀರ್ಪಾಗಿ ಹೋಯಿತು.

ಇನ್ನೂ ಎರಡು ಕಾಲೇಜುಗಳಿಗೆ ಅರ್ಜಿ ಹಾಕಲು ಸಮಯವಿತ್ತು. ಅವೂ ಅಷ್ಟೇ ಬಿಗಿ. ಇವೂ ಹೋದರೆ ಆ ಬಾಗಿಲು ಮುಚ್ಚಿದಂತೆಯೇ ಎಂದು ನನಗೆ ಗೊತ್ತಿತ್ತು. ಹೊಸೂರು ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಇಂಗ್ಲಿಷ್ ಮಾತಾಡಲು ಕಲಿಸುವ ಒಬ್ಬ ಮೇಷ್ಟ್ರಿದ್ದರು. ನಾನು ಆಗಷ್ಟೇ ಅಲ್ಲಿಗೆ ಹೋಗತೊಡಗಿದ್ದೆ. ತಮಿಳಿನವರು, ಬಹಳ ಸಾಧು. ಪತ್ರದ ವಿಷಯ ಎತ್ತುತ್ತಿದ್ದಂತೆ, "ನೀಯೇ ಎಳುದಿಟ್ಟು ವಾಮ್ಮಾ, ನಾನ್ ಅನುಪ್ಪಿಡ್ರೇನ್," ಎಂದರು. ನೀನೇ ಬರೆದುಕೊಂಡು ಬಾ, ನಾನು ಕಳಿಸುತ್ತೇನೆ ಎಂದು. ಇದಪ್ಪಾ ಸರಿಯಾದ ಪದ್ಧತಿ ಎಂದುಕೊಂಡೆ.

ನನ್ನನ್ನು ನಾನೇ ಹೊಗಳಿ ಬರೆಯುವುದು ಕಷ್ಟವಾದೀತು ಎಂದುಕೊಂಡಿದ್ದೆ. ಒಂದು ಚೂರೂ ಕಷ್ಟವಾಗಲಿಲ್ಲ. ನಾನು ಬುದ್ಧಿವಂತೆ, ಶ್ರಮಜೀವಿ, ವಿನಯವಂತೆ ಎಂದೆಲ್ಲ ಬರೆದೆ. ಬರೀ ಹೊಗಳಿಕೆ ಸಾಲದು, ನಡೆದ ಘಟನೆಯೂ ಬೇಕು ಎಂದು ಎಲ್ಲೋ ಓದಿದ್ದರಿಂದ, ಎಂಟನೇ ಕ್ಲಾಸಿನಲ್ಲಿ ಬೋರ್ಡಿನ ಮೇಲಿದ್ದ ಲೆಕ್ಕವೊಂದು ತಪ್ಪೆಂದು ನಾನು ಎದ್ದು ಹೇಳಿದ್ದನ್ನೂ ಸೇರಿಸಿದೆ. ಓದಲು ಚೆನ್ನಾಗಿತ್ತು. ಅಪ್ಪ ಅರ್ಥ ಕೇಳಿ, "ಓಕೆ," ಎಂದರು. ಮೇಷ್ಟ್ರು ಓದಿದರೋ ಇಲ್ಲವೋ, ಕಳಿಸಿದರು.

ಇನ್ನೆರಡು ಕಾಲೇಜಿಗೂ ಪತ್ರ ಬೇಕಾಗುತ್ತದೆಂದು ಟೀಚರ್‌ಗೆ ನಾನೇ ಮೊದಲು ಹೇಳಿದ್ದೆ, ಪತ್ರ ಹಾಕುವ ಲಿಂಕನ್ನು ಕಾಲೇಜಿನವರು ನೇರ ಶಿಕ್ಷಕರಿಗೇ ಕಳಿಸುತ್ತಾರೆ. ಅದೇ ವಾರ ಟೀಚರಿಂದ ಮೆಸೇಜು ಬಂತು. 'ಲಿಂಕ್ ಬಂದಿಲ್ಲ. ಕಡೇ ದಿನ ಯಾವಾಗ? ದಿನಾ ನೋಡ್ತಿದೀನಿ.' ನಾನು ಆ ಮೆಸೇಜನ್ನು ಅರ್ಧ ದಿನ ಹಾಗೇ ಇಟ್ಟುಕೊಂಡಿದ್ದೆ. ಆಮೇಲೆ, 'ಈ ಸಲ ಲೆಟರ್ ಬೇಡವಂತೆ ಟೀಚರ್' ಎಂದು ಬರೆದೆ. ಅವರು ಒಂದು ಕೈ ಮುಗಿಯುವ ಚಿತ್ರ ಕಳಿಸಿ, 'ಒಳ್ಳೇದಾಗ್ಲಿ' ಎಂದರು. ಅದರಲ್ಲೂ ನಾನು ಏನೋ ಒಂದು ಅರ್ಥ ಹುಡುಕಿದೆ. ಸದ್ಯ, ತಪ್ಪಿಸಿಕೊಂಡೆ ಎಂಬ ಸಮಾಧಾನವಿರಬೇಕು ಅವರಿಗೆ ಎಂದುಕೊಂಡೆ.

ಫೆಬ್ರವರಿಯಲ್ಲಿ ಒಂದು ಕಾಲೇಜು ಇಲ್ಲವೆಂದಿತು. ಅದೂ ಕಾರಣ ಕೊಡಲಿಲ್ಲ. ಈಗ ಅರ್ಜಿಯ ಪ್ರತಿಯೊಂದು ಅಕ್ಷರವೂ ನಮ್ಮ ಕೈಯಿಂದಲೇ ಹೋಗಿತ್ತು, ಅನುಮಾನ ಪಡಲು ಮನೆಯಲ್ಲಿ ನಾನೂ ಅಪ್ಪನೂ ಬಿಟ್ಟು ಬೇರೆ ಯಾರೂ ಉಳಿದಿರಲಿಲ್ಲ. ಇಬ್ಬರೂ ಆ ಕಡೆ ಹೋಗದೆ ನೆಟ್‌ವರ್ಕನ್ನು ಬಯ್ದೆವು. ಉಳಿದ ಒಂದು ಕಾಲೇಜು ಮಾರ್ಚಿನಲ್ಲಿ ಸಂದರ್ಶನಕ್ಕೆ ಕರೆಯಿತು.

ಸಂದರ್ಶನ ಫೋನಿನ ವಿಡಿಯೋದಲ್ಲಿ. ಅಪ್ಪ ಶಿಫ್ಟಿಗೆ ಹೋಗಿದ್ದರು, ಅಮ್ಮ ಬಾಗಿಲ ಹೊರಗೆ ಕಾವಲಿದ್ದಳು. ಆ ಕಡೆ ಕುಳಿತಿದ್ದವರು ಒಬ್ಬರೇ ಹೆಂಗಸು, ನರೆತ ಕೂದಲು, ಮೃದು ದನಿ. ಓದಿದ್ದು, ಆಡಿದ್ದು, ಊರು ಎಲ್ಲ ಕೇಳಿದರು. ನಾನು ಚೆನ್ನಾಗಿಯೇ ಮಾತಾಡುತ್ತಿದ್ದೆ. ಆಮೇಲೆ ಕನ್ನಡಕ ಏರಿಸಿ ಒಂದು ಹಾಳೆ ನೋಡಿ, ನಿಮ್ಮ ಬಗ್ಗೆ ಬರೆದಿರುವ ಈ ಮೇಷ್ಟ್ರು ನಿಮಗೆ ಎಷ್ಟು ಕಾಲದಿಂದ ಗೊತ್ತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಎರಡು ತಿಂಗಳು ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಎರಡು ತಿಂಗಳ ಹಿಂದೆ ಸಿಕ್ಕವರು," ಎಂದರು ಆಕೆ ನಿಧಾನವಾಗಿ, "ನಿಮ್ಮ ಎಂಟನೇ ಕ್ಲಾಸಿನಲ್ಲಿ ನಡೆದದ್ದನ್ನು ಕಣ್ಣಾರೆ ಕಂಡ ಹಾಗೆ ಬರೆದಿದ್ದಾರಲ್ಲ."

ಜನ್ಮದಲ್ಲಿ ಮೊದಲ ಸಲ ನಾನು ಅನುಮಾನದ ಆ ಕಡೆಗಿದ್ದೆ. ಕೆಂಪು ಚೀಟಿ ಕಟ್ಟಿಸಿಕೊಳ್ಳುವ ಕಡೆ. ನೆಟ್‌ವರ್ಕ್ ಹೋದಂತೆ ನಟಿಸಿ ಫೋನಿಡಬಹುದಿತ್ತು, ಅದೂ ಹೊಳೆಯಿತು. ಆದರೆ ಆಕೆ ಕಾಯುತ್ತಿದ್ದರು. "ನಾನೇ ಬರೆದದ್ದು ಮ್ಯಾಡಮ್," ಎಂದೆ.

"ಆ ಬೋರ್ಡಿನ ಮುಂದೆ ನಿಂತಿದ್ದ ಟೀಚರ್ ಯಾರು? ಅವರು ಯಾಕೆ ಬರೆಯಲಿಲ್ಲ?"

ನಾನು ಏನೋ ತೊದಲಿದೆ. ಆಕೆ ಕೋಪ ಮಾಡಿಕೊಳ್ಳಲಿಲ್ಲ, ನಗಲೂ ಇಲ್ಲ. ಅವರ ಈಮೇಲ್ ವಿಳಾಸ ಕೊಡಿ, ಲಿಂಕ್ ಕಳಿಸುತ್ತೇವೆ, ಐದು ದಿನದೊಳಗೆ ಅವರ ಪತ್ರ ಬಂದರೆ ಅರ್ಜಿ ನೋಡುತ್ತೇವೆ, ಇಲ್ಲದಿದ್ದರೆ ಇಲ್ಲಿಗೆ ನಿಲ್ಲಿಸುತ್ತೇವೆ ಎಂದರು.

ಮಾರನೆಯ ದಿನ ಭಾನುವಾರ. ರಾಯಕೋಟೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಯೋಚನೆ ಒಂದೇ: ಸುಳ್ಳು ಹೇಳಿ ದೂರ ಮಾಡಿದವಳ ಬಗ್ಗೆ ಒಳ್ಳೆಯ ಪತ್ರ ಯಾರಾದರೂ ಬರೆಯುತ್ತಾರೆಯೇ? ನಾನಾಗಿದ್ದರೆ ಬರೆಯುತ್ತಿರಲಿಲ್ಲ. ಬರೆದರೂ ಅಂಥವಳಿಗೆ ತಕ್ಕ ಹಾಗೇ ಬರೆಯುತ್ತಿದ್ದೆ.

ಟೀಚರ್ ಮನೆ ಮುಂದೆ ಚಾಪೆ ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಬೆರಳೆಲ್ಲ ಅಂಟು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ, ಚಾಪೆಯ ಮೇಲೆ ಸರಿದು ಜಾಗ ಮಾಡಿದರು. ನಾನೂ ಕುಳಿತು ಒಂದು ಹಣ್ಣು ಕೈಗೆತ್ತಿಕೊಂಡೆ.

"ಲಿಂಕ್ ಬಂದೈತೆ," ಎಂದರು ಅವರೇ. "ಲೆಟರ್ ಬೇಡವಂತೆ ಅಂದಿದ್ದೆ?"

"ಸುಳ್ಳು ಹೇಳ್ದೆ ಟೀಚರ್. ಬೇರೆಯವ್ರ ಹೆಸ್ರಲ್ಲಿ ನಾನೇ ಬರ್ದು ಕಳ್ಸಿ ಸಿಕ್ಕಾಕ್ಕೊಂಡೆ."

"ಯಾಕೆ?"

ನಾನು ಹುಣಸೆಯ ನಾರು ಎಳೆಯುತ್ತ ಕುಳಿತೆ. ಅವರೇ ಕೇಳಿದರು, "ನನ್ ಇಂಗ್ಲಿಷಾ?"

ನಾನು ತಲೆ ತಗ್ಗಿಸಿ ಇನ್ನೊಂದು ಹಣ್ಣು ಎತ್ತಿಕೊಂಡೆ. ಬೀಜಗಳು ತಟ್ಟೆಗೆ ಬೀಳುತ್ತಿದ್ದವು.

"ಹೋದ್ಸಲ ನಾನ್ ಬರ್ದಿದ್ದು ನಾಲ್ಕೇ ಸಾಲು ಕಣಮ್ಮಾ," ಎಂದರು ಆಮೇಲೆ. "ಟೀ.ಸೀ.ಲಿ ಬರೀತೀವಲ್ಲ, ಅಂಗೆ. ಈ ಹುಡ್ಗಿ ಇಷ್ಟು ವರ್ಷ ನಮ್ಮಲ್ಲಿ ಓದವ್ಳೆ, ನಡತೆ ಒಳ್ಳೇದು, ಓದು ಒಳ್ಳೇದು ಅಂತ. ತಪ್ಪಿಲ್ದಂಗೆ ಬರ್ಯಕ್ಕೆ ನಂಗೆ ಅಷ್ಟೇ ಬರೋದು. ಜಾಸ್ತಿ ಬರ್ದು ತಪ್ಪು ಮಾಡ್ಬುಟ್ರೆ ನಿಂಗೆ ತೊಂದ್ರೆ ಅಂತ ಅಷ್ಟಕ್ಕೇ ನಿಲ್ಲಿಸ್ದೆ."

ನನ್ನ ಅನುಮಾನ ಸರಿಯಾಗಿಯೇ ಇತ್ತು. ಪತ್ರದಲ್ಲಿ ಏನೂ ಇರಲಿಲ್ಲ. ಒಂದು ಗಳಿಗೆ, ನಿಜ ಹೇಳಬೇಕೆಂದರೆ, ನನಗೆ ಗೆದ್ದಂತಾಯಿತು. ಆಮೇಲೆ ಟೀಚರ್ ಮುಖ ನೋಡಿದೆ, ನಾಚಿಕೆಯಾಯಿತು. ನನ್ನನ್ನು ಕಾಪಾಡಲು ಅವರು ಅಷ್ಟು ಚಿಕ್ಕದಾಗಿ ಬರೆದಿದ್ದರು. ಅದನ್ನು ನಾನು ಏನೇನೋ ಎಂದುಕೊಂಡಿದ್ದೆ.

"ನಾಳೆ ಊಟದ ಬೆಲ್ಲಿಗೆ ಸ್ಕೂಲತ್ರ ಬಾ," ಎಂದರು. ಹೊರಡುವಾಗ ಒಂದು ಕವರಿನಲ್ಲಿ ಹುಣಸೆಹಣ್ಣು ಹಾಕಿಕೊಟ್ಟರು.

ಮಾರನೆಯ ದಿನ ಅವರು ಕೈಗಿತ್ತದ್ದು ಎರಡು ಹಾಳೆ. ಹಿಂದೆ ಮುಂದೆ ಎರಡೂ ಕಡೆ ಬರೆದದ್ದು, ಕನ್ನಡದಲ್ಲಿ. "ಇಷ್ಟನ್ನ ಇಂಗ್ಲಿಷ್ ಮಾಡಕ್ಕೆ ನನ್ ಕೈಲಾಗಲ್ಲ. ನೀನೇ ಮಾಡು. ಒಂದು ಮಾತೂ ಬಿಡ್ಬೇಡ," ಎಂದರು.

"ನಾನು ನೋಡಂಗಿಲ್ಲವಲ್ಲ ಟೀಚರ್?"

"ನೋಡ್ದೆ ಇದ್ದಾಗ ಏನೇನ್ ಆಯ್ತು ಅಂತ ಗೊತ್ತಲ್ಲ. ನೋಡು."

ಮರದ ಕೆಳಗಿನ ಕಟ್ಟೆಯ ಮೇಲೆ ಕುಳಿತು ಓದಿದೆ. ಆರನೇ ಕ್ಲಾಸಿನಿಂದ ಶುರುವಾಗಿತ್ತು. ನನಗೇ ಮರೆತುಹೋಗಿದ್ದ ವಿಷಯಗಳು. ಭಿನ್ನರಾಶಿ ಬಾರದ ಹುಡುಗಿಯೊಬ್ಬಳಿಗೆ ನಾನು ಒಂದು ತಿಂಗಳು ಊಟದ ಬೆಲ್ಲಿನಲ್ಲಿ ರೊಟ್ಟಿ ಮುರಿದು ಮುರಿದು ಹೇಳಿಕೊಟ್ಟದ್ದು. ಎಂಟನೇ ಕ್ಲಾಸಿನ ಬೋರ್ಡಿನ ವಿಷಯವೂ ಇತ್ತು, ಆದರೆ ನಾನು ಬರೆದುಕೊಂಡಂತೆ ಇರಲಿಲ್ಲ. ತಪ್ಪೆಂದು ಹೇಳಿದವಳನ್ನು ತಾವು ಗದರಿಸಿ ಕೂರಿಸಿದ್ದಾಗಿ, ಮಾರನೆಯ ದಿನ ನಾನು ಅದೇ ಲೆಕ್ಕವನ್ನು ಮೂರು ರೀತಿಯಲ್ಲಿ ಮಾಡಿ ತಂದಿದ್ದಾಗಿ, ಮನೆಗೆ ಹೋಗಿ ನೋಡಿದಾಗ ತಪ್ಪು ತಮ್ಮದೇ ಆಗಿದ್ದಾಗಿ ಬರೆದಿದ್ದರು. 'ಅಂದಿನಿಂದ ಬೋರ್ಡಿನ ಮೇಲೆ ಬರೆದ ಮೇಲೆ ಒಮ್ಮೆ ಈ ಹುಡುಗಿಯ ಮುಖ ನೋಡುವುದು ನನಗೆ ಅಭ್ಯಾಸವಾಯಿತು' ಎಂದಿತ್ತು. ನನಗೆ ಅಳು ಬಂತು.

ಎರಡನೇ ಹಾಳೆಯ ಕೊನೆಗೆ ಬಂದಾಗ ಅಳು ನಿಂತಿತು. 'ಈ ಹುಡುಗಿಯಲ್ಲಿ ಒಂದು ಕೊರತೆ ಇದೆ. ಲೆಕ್ಕವನ್ನು ಅನುಮಾನಿಸುವುದು ಒಳ್ಳೆಯದು. ಇವಳು ಮನುಷ್ಯರನ್ನೂ ಹಾಗೆಯೇ ಅನುಮಾನಿಸುತ್ತಾಳೆ. ನನ್ನನ್ನೂ ಅನುಮಾನಿಸಿದಳು, ನನಗೆ ತುಂಬಾ ನೋವಾಯಿತು. ನೀವು ಇವಳಿಗೆ ಕಲಿಸುವುದಾದರೆ ಇದನ್ನೂ ಸರಿಮಾಡಿ.' ಅದರ ಕೆಳಗೆ ಸೈನ್.

ಅಂದು ಮನೆಯಲ್ಲಿ ಆ ಹಾಳೆಗಳನ್ನು ಅಪ್ಪನಿಗೆ ತೋರಿಸಲಿಲ್ಲ. ನಮ್ಮ ಮನೆಯಲ್ಲಿ ಇನ್‌ಸ್ಪೆಕ್ಷನ್ ಆಗದೆ ಹೋದ ಮೊದಲ ವಸ್ತು ಅದೇ ಇರಬೇಕು. ಒಂದೊಂದು ವಾಕ್ಯವನ್ನೂ ಇಂಗ್ಲಿಷಿಗೆ ತಂದೆ, ನಿಘಂಟು ನೋಡಿದೆ, ಅವರ ದನಿ ಕೆಡದಂತೆ ನೋಡಿಕೊಂಡೆ. ಅಷ್ಟು ಶ್ರದ್ಧೆಯಿಂದ ನಾನು ನನ್ನ ಪ್ರಬಂಧವನ್ನೂ ಬರೆದಿರಲಿಲ್ಲ. ಕೊನೆಯ ಆ ಸಾಲುಗಳ ಮುಂದೆ ಬಂದು ಕೈ ನಿಂತಿತು.

ಇದನ್ನು ಯಾಕೆ ಬರೆದರು? ಸೇಡು ತೀರಿಸಿಕೊಂಡರೇ? ನನ್ನ ಕೈಯಲ್ಲೇ ನನ್ನ ಕೆಂಪು ಚೀಟಿ ಬರೆಸುತ್ತಿದ್ದಾರೆಯೇ? ಅಥವಾ ನಾನು ಬಿಡುತ್ತೇನೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಾರೆಯೇ? ಎಲ್ಲವನ್ನೂ ಯೋಚಿಸಿದೆ. ಅವರು ಕಂಡದ್ದನ್ನು ಕಂಡಂತೆ ಬರೆದಿರಬಹುದು ಎಂಬುದೊಂದನ್ನು ಬಿಟ್ಟು. ಬೇಡವೆನ್ನಲು ಕಾರಣವನ್ನು ನಾನೇ ತಟ್ಟೆಯಲ್ಲಿಟ್ಟು ಕಾಲೇಜಿನವರಿಗೆ ಕೊಡುವುದೇ ಎಂದುಕೊಂಡು, ಆ ಸಾಲುಗಳನ್ನು ಬಿಟ್ಟುಬಿಟ್ಟೆ. ಅದರ ಜಾಗದಲ್ಲಿ, ಇವಳಿಗೆ ಸೀಟು ಕೊಟ್ಟರೆ ನನಗೆ ಸಂತೋಷ ಎಂಬ ಅರ್ಥದ ಒಂದು ವಾಕ್ಯ ಹಾಕಿದೆ.

ಮಾರನೆಯ ದಿನ ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಟೀಚರ್ ಲಿಂಕ್ ತೆರೆದರು. ನಾನು ಪತ್ರವನ್ನು ಅದರೊಳಗೆ ಹಾಕಿದೆ. ಅವರಿಗೆ ಇಂಗ್ಲಿಷ್ ಬರೆಯುವುದು ಕಷ್ಟವೇ ಹೊರತು ಓದಲು ಬರುತ್ತಿತ್ತು. ಕೊನೆಯ ಪ್ಯಾರಾ ನೋಡಿದರೆ ಮುಗಿಯಿತು.

"ಒಂದ್ಸಲ ಓದಿ ಟೀಚರ್," ಎಂದೆ. ಹೇಳದಿದ್ದರೆ ಅನುಮಾನ ಬರುತ್ತದೆ ಎಂದು ಹೇಳಿದ್ದು.

"ನೀನು ಮಾಡಿದ್ದೀಯಲ್ಲ, ಮತ್ತೆ ನಾನ್ ಏನ್ ಓದ್ಲಿ?" ಎಂದು ಟೀಚರ್ ಕಳಿಸುವ ಗುಂಡಿ ಒತ್ತಿದರು.

ಏಪ್ರಿಲಿನಲ್ಲಿ ಸೀಟು ಬಂತು. ಅಪ್ಪ ಆ ಈಮೇಲನ್ನು ನಂಬಲಿಲ್ಲ. ಇದೇನೋ ಫ್ರಾಡ್ ಇರಬಹುದು ಎಂದು ಕಾಲೇಜಿಗೆ ಫೋನ್ ಮಾಡಿ ಕೇಳಿದರು, ಊಟವಾದ ಮೇಲೆ ಇನ್ನೊಮ್ಮೆ ಮಾಡಿ ಬೇರೆಯವರನ್ನು ಕೇಳಿದರು. ಅಮ್ಮ ಅಷ್ಟರಲ್ಲಿ ಬೀದಿಗೆಲ್ಲ ಹೇಳಿಯಾಗಿತ್ತು. ಈಗ ನಾನು ಅಲ್ಲಿ ಮೂರನೇ ವರ್ಷದಲ್ಲಿದ್ದೇನೆ. ಓದು ಚೆನ್ನಾಗಿದೆ. ಆ ಸಾಲುಗಳಿದ್ದಿದ್ದರೆ ಇವರು ನನ್ನನ್ನು ತೆಗೆದುಕೊಳ್ಳುತ್ತಿದ್ದರೇ ಎಂದು ವಾರಕ್ಕೊಮ್ಮೆಯಾದರೂ ಯೋಚಿಸುತ್ತೇನೆ. ತೆಗೆದುಕೊಳ್ಳುತ್ತಿದ್ದರು ಎಂದೇ ಈಗ ಅನ್ನಿಸುತ್ತದೆ. ಆದರೆ ಅದನ್ನು ತಿಳಿದುಕೊಳ್ಳುವ ದಾರಿಯನ್ನು ಮುಚ್ಚಿದವಳು ನಾನೇ.

ಸೀಟು ಬಂದ ಮಾರನೆಯ ದಿನ ಜಾಂಗೀರಿ ಡಬ್ಬ ತೆಗೆದುಕೊಂಡು ಶಾಲೆಗೆ ಹೋದೆ. ಟೀಚರ್ ಫೋನು ಇಸಿದುಕೊಂಡು ಈಮೇಲನ್ನು ಎರಡು ಸಲ ಓದಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಾನು ನಿನ್ ಬಗ್ಗೆ ಅಂಗೆ ಬರ್ದಿದ್ರೂ ತಗಂಡವ್ರಲ್ಲ," ಎಂದರು. "ಬರ್ದು ಕಳ್ಸಿದ್ಮೇಲೆ ನಂಗೆ ನಿದ್ದೇನೇ ಇಲ್ಲ ಕಣಮ್ಮಾ. ನನ್ನಿಂದ ಮಗು ಸೀಟು ಹೋಗ್ಬುಟ್ರೆ ಅಂತ. ನಿನ್ ಕೊರತೆ ಗೊತ್ತಿದ್ದೂ ಕರ್ದವ್ರೆ ಅಂದ್ರೆ ಒಳ್ಳೇ ಜನ ಅವ್ರು. ನೀನೂ ಒಂದಕ್ಷರ ಬಿಡ್ದಂಗೆ ಬರ್ದು ಕಳ್ಸಿದ್ಯಲ್ಲ, ಅವತ್ತೇ ನಿನ್ ಮೇಲಿದ್ದ ನೋವೆಲ್ಲ ಹೋಯ್ತು ನಂಗೆ."

ನಾನು ಡಬ್ಬದ ಮುಚ್ಚಳ ತೆಗೆದು ಅವರ ಮುಂದೆ ಹಿಡಿದೆ. ಆ ಸಾಲುಗಳ ವಿಷಯ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಟೀಚರ್ ಒಂದು ಜಾಂಗೀರಿ ತೆಗೆದು, ಮೊದಲು ನನ್ನ ಬಾಯಿಗೆ ಇಟ್ಟರು.